ಗಾಲಿಯ ಕೂಗು ಯಾರಿಗೆ ಕೇಳಬೇಕು?

ಧಾರಾವಿಯ ತೊಂಬತ್ತು ಅಡಿ ರಸ್ತೆಯ ಬದಿಯಲ್ಲಿ ಬೆಳಗಿನ ಹೊತ್ತು ಅರ್ಧ ತಾಸು ನಿಂತರೆ, ಅಲ್ಲಿ ಸಾಗುವ ಗಾಡಿಗಳ ಯೋಗಕ್ಷೇಮವನ್ನು ಕಣ್ಣು ಮುಚ್ಚಿಕೊಂಡೇ ತಿಳಿಯಬಹುದು. ಗ್ರೀಸು ಕಂಡ ಗಾಲಿಯು ಸದ್ದಿಲ್ಲದೆ ಮುಂದೆ ಹೋಗುತ್ತದೆ. ಕಾಣದ ಗಾಲಿಯು ಕಿರ್ರೆಂದು ಕೂಗುತ್ತ ಬರುತ್ತದೆ. ಕುಂಬಾರವಾಡದ ಮಡಕೆಗಳು, ಹದಿಮೂರನೆಯ ಕಾಂಪೌಂಡಿನ ಹಳೆಯ ಪ್ಲಾಸ್ಟಿಕ್ಕಿನ ಮೂಟೆಗಳು, ಚರ್ಮದ ಕಟ್ಟುಗಳು, ಇಡ್ಲಿಯ ಪಾತ್ರೆಗಳು - ಇವೆಲ್ಲವೂ ಲಾರಿ ನುಗ್ಗಲಾರದ ಓಣಿಗಳಿಂದ ಕೈಗಾಡಿ, ಮೂರು ಗಾಲಿಯ ಸೈಕಲು, ಸಣ್ಣ ಟೆಂಪೊಗಳ ಮೇಲೇರಿಯೇ ಹೊರಬರಬೇಕು. ಅಷ್ಟೊಂದು ಜನರ ಅನ್ನವು ಗಾಲಿಯ ನಡುವಿನ ಗುಂಬದೊಳಗೆ ಅಡಗಿದೆ ಎಂದರೆ ಅತಿಶಯೋಕ್ತಿಯಾಗದು.

ನಮ್ಮ ಪರಿಚಯದ ಬಂಧುವೊಬ್ಬರು ಇಪ್ಪತ್ತು ವರ್ಷ ಹೋಟೆಲುಗಳಲ್ಲಿ ದುಡಿದು, ಕೊನೆಗೆ ದಿನಬಾಡಿಗೆಯ ನಾಲ್ಕು ಗಾಲಿಯ ಗಾಡಿಯೊಂದನ್ನು ಹಿಡಿದು ಸ್ವಂತ ಇಡ್ಲಿ ವ್ಯಾಪಾರವನ್ನು ಆರಂಭಿಸಿದರು. ಮಳೆಗಾಲದ ಒಂದು ಮುಂಜಾನೆ, ಸಾಯನ್ ಕಡೆಗೆ ಗಾಡಿಯನ್ನು ತಳ್ಳಿಕೊಂಡು ಹೋಗುತ್ತಿರುವಾಗ ಮುಂದಿನ ಗಾಲಿಯೊಂದು ಸಿಕ್ಕಿಕೊಂಡು ನಿಂತಿತು. ಗಾಡಿ ವಾಲಿತು, ಕುದಿಯುವ ಸಾಂಬಾರು ಅವರ ಪಾದದ ಮೇಲೆ ಬಿದ್ದಿತು. ಹದಿನೈದು ದಿನ ಸಂಪಾದನೆಯಿಲ್ಲದೆ ಮಲಗಬೇಕಾಯಿತು. ನೋಡಲು ಹೋದಾಗ ನಾವು, ಗಾಲಿಗೆ ಗ್ರೀಸು ಹಾಕಿ ಎಷ್ಟು ದಿನವಾಗಿತ್ತೆಂದು ಕೇಳಿದೆವು. "ಗಾಡಿ ನನ್ನದಲ್ಲವಲ್ಲ ಮಾರಾಯ್ರೇ, ಬಾಡಿಗೆಯದ್ದು" ಎಂದರು. ಗಾಡಿಯ ಒಡೆಯನನ್ನು ವಿಚಾರಿಸಿದರೆ, "ತಳ್ಳುವವನಿಗೆ ತಿಳಿಯಬೇಡವೇ?" ಎಂದನು. ಇಬ್ಬರ ಮಾತಿನ ನಡುವೆ ಗಾಲಿಯು ಒಣಗಿತ್ತು. ಅದರ ಬೆಲೆಯನ್ನು ತೆತ್ತವರು ಮಾತ್ರ ಒಬ್ಬರೇ.

ಊರಿನಲ್ಲಿ ಎತ್ತಿನ ಗಾಡಿಯನ್ನು ಕಂಡವರಿಗೆ ಕೀಲೆಣ್ಣೆಯ ಮಾತು ಹೊಸದಲ್ಲ. ಮರದ ಗುಂಬವು ಕಬ್ಬಿಣದ ಅಚ್ಚಿನ ಮೇಲೆ ಉಜ್ಜಿಕೊಂಡೇ ತಿರುಗುತ್ತಿದ್ದ ಕಾರಣ ಪಯಣಕ್ಕೆ ಮುಂಚೆ ಕೀಲಿಗೆ ಎಣ್ಣೆ ಸವರುವುದು ಎತ್ತಿಗೆ ಮೇವು ಹಾಕುವಷ್ಟೇ ಸಹಜವಾಗಿತ್ತು. ಈ ಉಜ್ಜಾಟವನ್ನು ಉರುಳಾಟವನ್ನಾಗಿ ಮಾಡಿದ್ದೇ ಬೇರಿಂಗಿನ ಗುಣ. ಅಚ್ಚಿಗೂ ಗುಂಬಕ್ಕೂ ನಡುವೆ ಉಕ್ಕಿನ ಗುಂಡುಗಳನ್ನಿಟ್ಟು ಗಾಲಿಯನ್ನು ತಿರುಗಿಸುವ ಉಪಾಯಕ್ಕೆ ವೇಲ್ಸ್ ನಾಡಿನ ಫಿಲಿಪ್ ವಾನ್ 1794ರಲ್ಲಿ ಹಕ್ಕುಪತ್ರ ಪಡೆದನು. 1883ರಲ್ಲಿ ಜರ್ಮನಿಯ ಫ್ರೀಡ್ರಿಕ್ ಫಿಷರನು ಗುಂಡುಗಳನ್ನು ಒಂದೇ ಅಳತೆಗೆ ಅರೆಯುವ ಯಂತ್ರವನ್ನು ರಚಿಸಿದ ಮೇಲೆ ಅವು ಅಗ್ಗವಾಗಿ ದೊರಕತೊಡಗಿದವು. ಭಾರದ ಗಾಡಿಗಳಿಗೆ ಒಪ್ಪುವ, ಒಂದು ತುದಿ ಕಿರಿದಾದ ಉರುಳೆಗಳ ಬೇರಿಂಗಿಗೆ ಅಮೆರಿಕದ ಹೆನ್ರಿ ಟಿಮ್ಕನ್ 1898ರಲ್ಲಿ ಹಕ್ಕುಪತ್ರ ಪಡೆದನು. ಇಂದು ಸೈಕಲಿನಲ್ಲಿ ಗುಂಡುಗಳೂ, ಟೆಂಪೊ ಹಾಗೂ ಅದರ ಹಿಂದೆ ಎಳೆಯುವ ಗಾಡಿಗಳಲ್ಲಿ ಬಹುಮಟ್ಟಿಗೆ ಇಂಥ ಉರುಳೆಗಳೂ ಇರುತ್ತವೆ.

ಆದರೆ ಉಕ್ಕು ಎಷ್ಟೇ ಗಟ್ಟಿಯಾದರೂ ನೀರಿಗೆ ಹೆದರುತ್ತದೆ. ಧಾರಾವಿಯು ಮಿಠಿ ನದಿ ಮಾಹೀಮಿನ ಕೊಲ್ಲಿಯನ್ನು ಸೇರುವ ತಗ್ಗಿನ ಬದಿಯಲ್ಲಿದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ಸುರಿದುದನ್ನು ಮುಂಬಯಿಗರು ಮರೆತಿಲ್ಲ. ಅಂಥ ಪ್ರಳಯವೇ ಬರಬೇಕೆಂದಿಲ್ಲ. ರಾತ್ರಿಯಿಡೀ ಮೊಣಕಾಲು ನೀರಿನಲ್ಲಿ ನಿಂತ ಗಾಡಿಯ ಗುಂಬದೊಳಗೆ ನೀರು ಇಳಿದೇ ಇಳಿಯುತ್ತದೆ. ಆ ನೀರಿನಲ್ಲಿ ಉಪ್ಪು ಬೆರೆತಿದ್ದರೆ ತುಕ್ಕು ಇನ್ನೂ ಬೇಗ ಹಿಡಿಯುತ್ತದೆ. ತುಕ್ಕು ತಿಂದ ಗುಂಡು ಉರುಳುವುದಿಲ್ಲ, ಕೆರೆಯುತ್ತದೆ. ಕೆರೆದಲ್ಲಿ ಕುಳಿ ಬೀಳುತ್ತದೆ. ಕುಳಿಯಲ್ಲಿ ಸಿಕ್ಕಿದ ಗುಂಡು ಒಂದು ದಿನ ಒಡೆಯುತ್ತದೆ.

ಇದನ್ನು ತಪ್ಪಿಸುವ ಕ್ರಮವು ಕಷ್ಟದ್ದಲ್ಲ. ವಾರಕ್ಕೊಮ್ಮೆ ಗಾಲಿಯನ್ನು ನೆಲದಿಂದ ಎತ್ತಿ ಬೆರಳಿನಿಂದ ತಿರುಗಿಸಿ ನೋಡಬೇಕು. ಸದ್ದಾದರೆ, ಮರಳು ಅರೆದಂತೆ ಕೈಗೆ ತೋರಿದರೆ, ಅಥವಾ ಗಾಲಿಯನ್ನು ಹಿಡಿದು ಅಕ್ಕಪಕ್ಕಕ್ಕೆ ಅಲುಗಿಸಿದಾಗ ಆಡಿದರೆ ಬಿಚ್ಚುವ ಕಾಲ ಬಂದಿದೆ ಎಂದರ್ಥ. ಸೈಕಲ್ ಬಗೆಯ ಗಾಲಿಯಾದರೆ ಅಚ್ಚಿನ ನಟ್ಟನ್ನೂ ಕೋನನ್ನೂ ಬಿಚ್ಚಿ ಗುಂಡುಗಳನ್ನು, ಅಂದರೆ ಇಲ್ಲಿಯ ಮಿಸ್ತ್ರಿಗಳು ಛರ್ರಾ ಎನ್ನುವುದನ್ನು, ಬಟ್ಟೆಯ ಮೇಲೆ ಎಣಿಸಿಡಬೇಕು. ಸಾಮಾನ್ಯವಾಗಿ ಹಿಂದಿನ ಗಾಲಿಯ ಒಂದೊಂದು ಬದಿಗೆ ಕಾಲಂಗುಲದ ಒಂಬತ್ತು ಗುಂಡುಗಳಿರುತ್ತವೆ. ಡೀಸೆಲಿನಲ್ಲೋ ಸೀಮೆಎಣ್ಣೆಯಲ್ಲೋ ತೊಳೆದು ಪೂರ್ತಿ ಒಣಗಿಸಬೇಕು. ಈ ಕೆಲಸವನ್ನು ಒಲೆಯ ಬಳಿ ಎಂದಿಗೂ ಮಾಡಲಾಗದು. ಹಳೆಯ ಗ್ರೀಸು ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಒಳಹೊಕ್ಕಿದೆ. ಕಪ್ಪಾಗಿ ಮಿನುಗುವ ಪುಡಿಯಿದ್ದರೆ ಉಕ್ಕು ಸವೆಯುತ್ತಿದೆ. ಒಂದೇ ಗುಂಡು ಕೆಟ್ಟಿದ್ದರೂ ಎಲ್ಲವನ್ನೂ ಬದಲಿಸುವುದು ಲೇಸು; ಹೊಸದು ಹಳೆಯದು ಬೆರೆತರೆ ಭಾರವೆಲ್ಲ ದೊಡ್ಡ ಗುಂಡಿನ ಮೇಲೆ ಬೀಳುತ್ತದೆ. ಬಳಿಕ ಗ್ರೀಸು ತುಂಬಿ ಗುಂಡುಗಳನ್ನು ಕೂರಿಸಿ, ಗಾಲಿ ಸರಾಗವಾಗಿ ತಿರುಗಬೇಕು, ಆದರೆ ಅಲುಗಬಾರದು, ಎಂಬಷ್ಟಕ್ಕೆ ಕೋನನ್ನು ಬಿಗಿಯಬೇಕು.

ಟೆಂಪೊವಿನ ಉರುಳೆ ಬೇರಿಂಗಿಗೆ ಗ್ರೀಸನ್ನು ಮೇಲೆ ಸವರಿದರೆ ಸಾಲದು. ಅಂಗೈಯಲ್ಲಿ ಗ್ರೀಸಿಟ್ಟು, ಬೇರಿಂಗಿನ ಅಗಲದ ತುದಿಯನ್ನು ಅದರೊಳಕ್ಕೆ ಒತ್ತಿ ಒತ್ತಿ, ಕಿರಿದಾದ ತುದಿಯಿಂದ ಹೊರಬರುವವರೆಗೂ ತುಂಬಬೇಕು. ಗಾಲಿಯನ್ನು ತಿರುಗಿಸುತ್ತ ನಟ್ಟನ್ನು ಬಿಗಿದು, ತುಸು ಸಡಿಲಿಸಿ, ಹೊಸ ಸ್ಪ್ಲಿಟ್ ಪಿನ್ನನ್ನೂ ಹೊಸ ಆಯಿಲ್ ಸೀಲನ್ನೂ ಹಾಕಬೇಕು. ಓಡಿ ಬಿಸಿಯಾದ ಗುಂಬವು ನೀರಿಗಿಳಿದಾಗ ಒಳಗಿನ ಗಾಳಿ ತಣಿದು ಕುಗ್ಗಿ, ಸೀಲು ಸವೆದಲ್ಲಿ ನೀರನ್ನು ಒಳಕ್ಕೆ ಹೀರುತ್ತದೆ. ಆದುದರಿಂದ ನೀರು ದಾಟಿದ ಟೆಂಪೊವನ್ನು ತಡಮಾಡದೆ ಬಿಚ್ಚಿ ನೋಡಬೇಕು.

ಗ್ರೀಸೆಂದರೆ ಸಾಬೂನಿನ ಜಾಲದಲ್ಲಿ ಹಿಡಿದಿಟ್ಟ ಎಣ್ಣೆ. ಸೋಡಿಯಂ ಸಾಬೂನಿನದು ನೀರಿನಲ್ಲಿ ಕರಗುತ್ತದೆ. ಕ್ಯಾಲ್ಸಿಯಂನದು ನೀರನ್ನು ತಡೆದರೂ ಬಿಸಿಗೆ ಇಳಿಯುತ್ತದೆ. ಲಿಥಿಯಂನದು ಎರಡನ್ನೂ ತಕ್ಕಮಟ್ಟಿಗೆ ತಾಳುತ್ತದೆ. ಬಣ್ಣವನ್ನು ನೋಡಿ ಕೊಳ್ಳದೆ ಡಬ್ಬಿಯ ಮೇಲಿನ ಬರಹವನ್ನು ಓದಿ ಕೊಳ್ಳುವುದು ಮೇಲು. ಹೋಟೆಲಿನ ಬಂಧುಗಳಿಗೆ ಇನ್ನೊಂದು ಮಾತು: ಬೋಂಡ ಕರಿದುಳಿದ ಎಣ್ಣೆಯನ್ನು ಗಾಲಿಗೆ ಹೊಯ್ಯುವುದು ಉಳಿತಾಯವಲ್ಲ, ಅದು ಕೆಲವೇ ದಿನಗಳಲ್ಲಿ ಅಂಟಾಗಿ ಧೂಳನ್ನು ಹಿಡಿಯುತ್ತದೆ. ಗ್ರೀಸಿನ ಕೈಯನ್ನು ಸಾಬೂನಿನಿಂದ ತೊಳೆಯದೆ ಹಿಟ್ಟಿಗೆ ಹಾಕಬಾರದೆಂದು ಬೇರೆ ಹೇಳಬೇಕಾಗಿಲ್ಲ.

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ಗ್ರೀಸು ಯಾರ ಹೊಣೆ? ನ್ಯಾಯವಾಗಿ ನೋಡಿದರೆ ಬಾಡಿಗೆ ಪಡೆಯುವವನ ಹೊಣೆ. ಆದರೆ ಆತನು ಗಾಡಿಯ ಕೂಗನ್ನು ಕೇಳುವುದಿಲ್ಲ, ದಿನದ ಕೊನೆಗೆ ಹಣವನ್ನಷ್ಟೇ ಎಣಿಸುತ್ತಾನೆ. ಕೂಗು ತಳ್ಳುವವನ ಕಿವಿಗೆ ಬೀಳುತ್ತದೆ. ಗ್ರೀಸಿನ ಕೊರತೆಯನ್ನು ಅವನ ಬೆನ್ನೇ ತುಂಬಬೇಕಾಗುತ್ತದೆ. ಆದಕಾರಣ ಗಾಡಿ ಹಿಡಿಯುವ ದಿನವೇ ಮಾತಾಗಬೇಕು: ಮಳೆಗೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ, ಗುಂಬ ಮುಳುಗುವಷ್ಟು ನೀರು ನಿಂತಾಗಲೆಲ್ಲ ಒಮ್ಮೆ ಗಾಲಿಯನ್ನು ಬಿಚ್ಚಬೇಕು, ಗ್ರೀಸು ಮತ್ತು ಗುಂಡಿನ ಖರ್ಚು ಒಡೆಯನದು, ನೋಡಿ ತಿಳಿಸುವ ಕೆಲಸ ತಳ್ಳುವವನದು. ಕಚೇರಿಗಳಲ್ಲಿ ಲೆಕ್ಕ ಬರೆಯುವ ನಮ್ಮ ಗುಮಾಸ್ತ ಮಿತ್ರರು ನೆರೆಯ ಗಾಡಿಯವರಿಗೆ ಈ ನಾಲ್ಕು ಸಾಲನ್ನು ಕಾಗದದ ಮೇಲೆ ಬರೆದುಕೊಟ್ಟರೆ ಅದು ದೊಡ್ಡ ಉಪಕಾರವಾದೀತು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿಯನ್ನು ತರುವುದೇಕೆ?

ನಮ್ಮ ಬಂಧುಗಳ ಪಾದ ಈಗ ವಾಸಿಯಾಗಿದೆ. ಅದೇ ಗಾಡಿಯನ್ನೇ ತಳ್ಳುತ್ತಿದ್ದಾರೆ. ಗ್ರೀಸಿನ ಡಬ್ಬಿಯೊಂದನ್ನು ಗಾಡಿಯ ಅಡಿಯಲ್ಲಿ, ಇಡ್ಲಿ ಪಾತ್ರೆಯಿಂದ ದೂರವಾಗಿ, ತಂತಿಯಲ್ಲಿ ತೂಗುಹಾಕಿದ್ದಾರೆ. ಒಡೆಯನು ಅದರ ಹಣವನ್ನು ಎರಡು ದಿನದ ಬಾಡಿಗೆಯಲ್ಲಿ ಮುರಿದುಕೊಳ್ಳಲು ಒಪ್ಪಿದ್ದಾನಂತೆ.