ಹೆಗಲ ಮೇಲಿನ ಕೆಂಪು

ಸಂಜೆಯಾಯಿತೆಂದರೆ ಪುಣೆ ಕ್ಯಾಂಪಿನ ಹಳೆಯ ಮರಗಳಲ್ಲಿ ಗಿಳಿಗಳ ಗಲಾಟೆ ಶುರು. ‘ಇಷ್ಟೊಂದು ಗಿಳಿಗಳಿವೆಯಲ್ಲ, ಇವಕ್ಕೇನು ಕುತ್ತು?’ ಎಂದು ಪಕ್ಕದ ಮನೆಯವರು ಕೇಳಿದರು. ಯಾವ ಗಿಳಿಗೆ ಎಂದು ನಾನು ಕೇಳಬೇಕಾಯಿತು.

ಆ ಹಿಂಡಿನಲ್ಲಿ ಹೆಚ್ಚಿನವು ಗುಲಾಬಿ ಕೊರಳಪಟ್ಟಿಯ ಸಾಮಾನ್ಯ ಗಿಳಿಗಳು. ಬಾಲ ಸೇರಿ ಸುಮಾರು 40 ಸೆಂ.ಮೀ. ಉದ್ದ. ಅವುಗಳ ನಡುವೆ ಒಮ್ಮೊಮ್ಮೆ, ಇಲ್ಲಿನವರು ‘ಪಹಾಡಿ’ ಎನ್ನುವ ದೊಡ್ಡ ಗಿಳಿ ಕಾಣುತ್ತದೆ. 55 ಸೆಂ.ಮೀ. ದಾಟುವ ಮೈ, ದಪ್ಪ ಕೊಕ್ಕು, ಒರಟು ಕೂಗು, ಹೆಗಲ ಮೇಲೆ ಕಡುಗೆಂಪು ಮಚ್ಚೆ. ವಯಸ್ಸಾದಂತೆ ಹೆಗಲು ಕೆಂಪಾಗುತ್ತದೆ ಎಂದು ನಂಬಿದವರು ಬಹಳ. ಹಾಗಲ್ಲ, ಅದು ಬೇರೆಯೇ ಜಾತಿ. ವಯಸ್ಸು ಹೇಳುವುದು ಕೊರಳ ಪಟ್ಟಿ. ಗಂಡಿಗೆ ಅದು ಪೂರ್ತಿ ಮೂಡಲು ಮೂರು ವರ್ಷ ಬೇಕು. ಪಟ್ಟಿಯಿಲ್ಲದ್ದೆಲ್ಲ ಹೆಣ್ಣು ಎನ್ನುವುದೂ ಅದಕ್ಕೇ ತಪ್ಪು.

ಐಯುಸಿಎನ್ ಕೆಂಪುಪಟ್ಟಿಯಲ್ಲಿ ಸಣ್ಣ ಗಿಳಿಗೆ ಸದ್ಯ ಆತಂಕವಿಲ್ಲ. ಗೋಡೆಯ ಬಿರುಕಲ್ಲೂ ಸಂಸಾರ ಹೂಡುವ ಅದು ಲಂಡನ್ನಿನ ಚಳಿಯಲ್ಲೂ ನೆಲೆಯೂರಿದೆ. ದೊಡ್ಡದು ಅಪಾಯದ ಅಂಚಿಗೆ ಸಮೀಪಿಸಿದೆ, ಸಂಖ್ಯೆ ಕುಗ್ಗುತ್ತಿದೆ. ಅದರ ಮೈಗೆ ತಕ್ಕ ಪೊಟರೆ ಹಳೆಯ ಮರದಲ್ಲೇ ಸಿಗಬೇಕು. ಅಂಥ ಮರಗಳು ಉರುಳುತ್ತಿವೆ. ಉಳಿದ ಪೊಟರೆಗಳಿಗೆ ಕೈಹಾಕಿ, ರೆಕ್ಕೆ ಬಲಿಯುವ ಮೊದಲೇ ಮರಿಗಳನ್ನು ಎತ್ತಿಕೊಂಡು ಹೋಗುತ್ತಾರೆ. ಚೆನ್ನಾಗಿ ಮಾತು ಕಲಿಯುತ್ತದೆ ಎಂಬ ಹೆಸರೇ ಅದಕ್ಕೆ ಮುಳುವಾಗಿದೆ.

‘ಮನೆಯಲ್ಲೇ ಹುಟ್ಟಿದ ಮರಿ, ಸಾಕಿದರೆ ತಪ್ಪಿಲ್ಲ’ ಎಂದು ಮಾರುವವರು ಧೈರ್ಯ ತುಂಬುತ್ತಾರೆ. ನಂಬಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ಎರಡೂ ಗಿಳಿಗಳನ್ನು ಕಾಯುತ್ತದೆ. ದೇಶೀ ಹಕ್ಕಿಗಳ ಮಾರಾಟ 1990–91ರಿಂದಲೇ ನಿಷಿದ್ಧ. ನಮ್ಮೂರ ಜಾತ್ರೆಯಲ್ಲಿ ಗಿಳಿಶಾಸ್ತ್ರದವರ ಪುಟ್ಟ ಪೆಟ್ಟಿಗೆಯಿಂದ ಹೊರಬಂದು ಚೀಟಿ ಎತ್ತುತ್ತಿದ್ದ ಗಿಳಿಯೂ ಕಾನೂನಿನ ಕಣ್ಣಲ್ಲಿ ಕಾಡಿನದೇ. ಅದರ ಮುಂದೆ ಬೆರಗಿನಿಂದ ಕೂತಿದ್ದ ನನಗೆ ಆಗ ಅದು ತಿಳಿದಿರಲಿಲ್ಲ.

ಮಾತು ಕಲಿಸುವವರದು ಇನ್ನೊಂದು ನಂಬಿಕೆ: ಮೆಣಸಿನಕಾಯಿ ತಿಂದರೆ ಗಿಳಿಯ ನಾಲಿಗೆ ಚುರುಕಾಗುತ್ತದಂತೆ! ಹಕ್ಕಿಗಳಿಗೆ ಖಾರದ ಉರಿಯೇ ಗೊತ್ತಾಗುವುದಿಲ್ಲ, ನಾಲಿಗೆ ಚುರುಕಾಗುವ ಮಾತೆಲ್ಲಿ ಬಂತು?

ಎಲ್ಲಕ್ಕಿಂತ ನೋವು ತರುವುದು ಪುಣ್ಯದ ನಂಬಿಕೆ. ಹಬ್ಬದ ದಿನ ಪಂಜರದ ಗಿಳಿ ಕೊಂಡು ಹಾರಿಬಿಡುತ್ತಾರೆ. ರೆಕ್ಕೆ ಕತ್ತರಿಸಿದ, ಮೇವು ಹುಡುಕಲು ಕಲಿಯದ ಹಕ್ಕಿ ಎಷ್ಟು ದೂರ ಹೋದೀತು? ಕೊಟ್ಟ ಹಣ ಇನ್ನೊಂದು ಪೊಟರೆಗೆ ಕೈ ಹಾಕಿಸುತ್ತದೆ. ಮಾರಾಟ ಕಂಡರೆ ಚೌಕಾಸಿಗೆ ಇಳಿಯದೆ ಅರಣ್ಯ ಇಲಾಖೆಯ 1926ಕ್ಕೆ ಕರೆ ಮಾಡಿ, ಜಾಗ ಹೇಳಿ.