ಮನೆಯಲ್ಲಿ ಕಟ್ಟಿದ ವಿಮಾನದ ಉಸಿರುಗೊಳವೆ

ಗಾಳಿಯಿಲ್ಲದೆ ಬೆಂಕಿಯಿಲ್ಲವೆಂಬುದನ್ನು ಸೌದೆಯೊಲೆಯನ್ನು ಊದಿದವರೆಲ್ಲರೂ ಬಲ್ಲರು. ವಿಮಾನದ ಎಂಜಿನಿಗೂ ಇದೇ ನಿಯಮ. ಗಾಳಿಯನ್ನೊಯ್ಯುವ ಕೊಳವೆಯು ಮುಚ್ಚಿಕೊಂಡಿತೆಂದರೆ, ಪೆಟ್ರೋಲು ಎಷ್ಟಿದ್ದರೂ ಅದರ ಬಲವು ಉಡುಗತಕ್ಕದ್ದೇ.

ಇಂಗ್ಲೆಂಡಿನಲ್ಲಿ ಕೆಲವು ಹವ್ಯಾಸಿಗಳು ನಕ್ಷೆಗಳನ್ನು ತರಿಸಿಕೊಂಡು ಸ್ವಹಸ್ತದಿಂದ ಚಿಕ್ಕ ವಿಮಾನಗಳನ್ನು ಕಟ್ಟುವುದುಂಟು. ಕೋಜಿ ಎಂಬ ಮಾದರಿಯ ಅಂತಹದೊಂದು ವಿಮಾನವು 2025ನೆಯ ಇಸವಿಯ ಮಾರ್ಚಿಯಲ್ಲಿ ಗ್ಲಾಸ್ಟರ್‌ಷೈರ್ ವಿಮಾನ ನಿಲ್ದಾಣದಲ್ಲಿ ಇಳಿಯಲು ಬರುತ್ತಿರುವಾಗ ಬಲಗುಂದಿ, ರನ್‌ವೇಯನ್ನು ಸೇರುವ ಮೊದಲೇ ನೆಲಕ್ಕಪ್ಪಳಿಸಿತು. ಚಾಲಕನು ಅಲ್ಪ ಗಾಯಗಳೊಡನೆ ಉಳಿದುಕೊಂಡನು.

ತನಿಖೆಯವರು ಬಿಚ್ಚಿ ನೋಡಲಾಗಿ, ಗಾಳಿಗೊಳವೆಯ ಮೊಣಕೈ ತಿರುವು ಮೆತ್ತಗಾಗಿ ಕುಸಿದಿದ್ದಿತು. ಅಮೆರಿಕದ ವಿಮಾನ ಜಾತ್ರೆಯೊಂದರಲ್ಲಿ ಕೊಂಡ ಆ ಭಾಗವು ತ್ರೀ-ಡಿ ಮುದ್ರಣದ್ದು. ಎಂದರೆ ಚಕ್ಕುಲಿ ಒತ್ತುವಂತೆ, ಕರಗಿದ ಪ್ಲಾಸ್ಟಿಕ್ಕನ್ನು ಎಳೆಯ ಮೇಲೆ ಎಳೆಯಾಗಿ ಪೇರಿಸಿ ಯಂತ್ರವು ಮಾಡಿದ್ದು. 105 ಡಿಗ್ರಿ ಸೆಂಟಿಗ್ರೇಡಿನವರೆಗೆ ಅದು ಮೆತ್ತಗಾಗದೆಂದು ಮಾಲೀಕನು ತಿಳಿದಿದ್ದನು. ಪರೀಕ್ಷೆಯಲ್ಲಿ ಅದು ಸುಮಾರು 53 ಡಿಗ್ರಿಗೇ ಸೋತಿತು. ನಾವು ಬೆಳಗ್ಗೆ ಕುಡಿಯುವ ಕಾಫಿಯೇ ಅದಕ್ಕಿಂತ ಬಿಸಿ! ಎಂಜಿನಿನ ಕಾವು ಒಂದು ಕಡೆ, ಗಾಳಿಯನ್ನು ಹೀರುವ ಅದರ ಸೆಳೆತವೊಂದು ಕಡೆ. ಮೆದುವಾದ ಗೋಡೆಯು ಒಳಕ್ಕೆ ಬಾಗದೆ ಏನು ಮಾಡೀತು?

ಮೂಲ ನಕ್ಷೆಯನ್ನು ಬರೆದವರಿಗೆ ಈ ಭಯವು ಇದ್ದಿರಬೇಕು. ಅವರು ಗಾಜುನಾರು ಮತ್ತು ಅಂಟಿನಿಂದ ಮಾಡಿದ ತಿರುವನ್ನು ಹೇಳಿ, ಅದರ ಬಾಯೊಳಗೆ ಕುಸಿಯದಂತೆ ಅಲ್ಯೂಮಿನಿಯಮ್ಮಿನ ತುಂಡುಗೊಳವೆಯನ್ನೂ ಕೂರಿಸಿದ್ದರು. ಕೊಂಡು ತಂದ ಭಾಗದಲ್ಲಿ ಈ ಆಸರೆಯೇ ಇರಲಿಲ್ಲ. ಹಾರುವ ಮೊದಲು ಅದೇ ಪ್ಲಾಸ್ಟಿಕ್ಕಿನ ಚೂರೊಂದನ್ನು ಬಿಸಿನೀರಿನಲ್ಲಿ ಅದ್ದಿ ಹಿಸುಕಿ ನೋಡಿದ್ದರೂ ಗುಟ್ಟು ಹೊರಬೀಳುತ್ತಿದ್ದಿತೆಂದು ನಾವು ಎಣಿಸುತ್ತೇವೆ.