ಡೇಟಾಬೇಸ್ ಕೋಡ್ ಸಂರಕ್ಷಣೆ

ಡೇಟಾಬೇಸ್ ಕೋಡ್ ಸಂರಕ್ಷಣೆ ಎಂಬುದು ಗ್ರಾಹಕರಿಗೆ ವಿತರಿಸುವ ತಂತ್ರಾಂಶದೊಂದಿಗೆ ಹೋಗುವ ಸ್ಟೋರ್ಡ್ ಪ್ರೊಸೀಜರ್, ವ್ಯೂ, ಟ್ರಿಗರ್ ಮುಂತಾದವುಗಳ ಮೂಲಪಠ್ಯವನ್ನೂ ಕೋಷ್ಟಕಗಳ ರಚನೆಯನ್ನೂ ಅನ್ಯರು ಓದದಂತೆ, ನಕಲಿಸದಂತೆ ಕಾಪಾಡುವ ಕ್ರಮವಾಗಿದೆ.

ವಿಧಾನಗಳು

ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಪ್ರೊಸೀಜರ್ ರಚಿಸುವಾಗ ‘ವಿತ್ ಎನ್‌ಕ್ರಿಪ್ಷನ್’ ಎಂಬ ಆಯ್ಕೆಯನ್ನು ಸೇರಿಸಿದರೆ ಅದರ ಪಠ್ಯವು ಸಾಮಾನ್ಯ ಬಳಕೆದಾರರಿಗೆ ಕಾಣಿಸದು. ಒರಾಕಲ್‌ನಲ್ಲಿ ಇದಕ್ಕಾಗಿ ‘ರ‍್ಯಾಪ್’ ಎಂಬ ಸಾಧನವಿದೆ. ಎಸ್‌ಕ್ಯೂಎಲ್ ಸರ್ವರ್ 2008ರಲ್ಲಿ ಬಂದ ‘ಟ್ರಾನ್ಸ್‌ಪರೆಂಟ್ ಡೇಟಾ ಎನ್‌ಕ್ರಿಪ್ಷನ್’ ಡಿಸ್ಕಿನಲ್ಲಿರುವ ಕಡತಗಳನ್ನೂ ಬ್ಯಾಕಪ್‌ಗಳನ್ನೂ ಗೂಢಲಿಪಿಗೆ ಪರಿವರ್ತಿಸುತ್ತದೆ. ಕಳವಾದ ಕಡತವನ್ನು ಕೀಲಿಯಿಲ್ಲದೆ ಬೇರೆಡೆ ತೆರೆಯಲಾಗದು.

ಮಿತಿಗಳು

‘ವಿತ್ ಎನ್‌ಕ್ರಿಪ್ಷನ್’ ಹೆಸರಿಗೆ ಗೂಢಲೇಖನವಾದರೂ ವಾಸ್ತವದಲ್ಲಿ ಮರೆಮಾಚುವಿಕೆ ಮಾತ್ರ. ಕೋಡನ್ನು ಚಾಲನೆಗೊಳಿಸಬೇಕಾದ ಸರ್ವರ್ ಅದನ್ನು ಬಿಡಿಸಿ ಓದಲೇಬೇಕು. ಆ ಸರ್ವರ್‌ನ ಆಡಳಿತಾಧಿಕಾರವು ಗ್ರಾಹಕರಲ್ಲಿರುವುದರಿಂದ ಅವರು ಮೂಲಪಠ್ಯವನ್ನು ಮರಳಿ ಪಡೆಯಬಲ್ಲರು. ಕೋಷ್ಟಕಗಳ ಹೆಸರು ಮತ್ತು ರಚನೆಯನ್ನಂತೂ ಆಡಳಿತಗಾರರಿಂದ ಮುಚ್ಚಿಡುವಂತಿಲ್ಲ. ತಯಾರಕರು ಮೂಲಪ್ರತಿಯನ್ನು ಬೇರೆಯಾಗಿ ಉಳಿಸಿಕೊಳ್ಳದಿದ್ದರೆ ಮುಂದಿನ ತಿದ್ದುಪಡಿ ಅವರಿಗೇ ಕಷ್ಟವಾಗುತ್ತದೆ.

ಪರ್ಯಾಯಗಳು

ಮಹತ್ವದ ತರ್ಕವನ್ನು ತಯಾರಕರ ಸರ್ವರ್‌ನಲ್ಲಿಯೇ ಇರಿಸಿ, ಅಂತರಜಾಲದ ಮೂಲಕ ಸೇವೆಯನ್ನಷ್ಟೇ ಒದಗಿಸುವುದು ಹೆಚ್ಚು ಸುರಕ್ಷಿತ. ಗ್ರಾಹಕರಲ್ಲಿಯೇ ಅನುಸ್ಥಾಪಿಸಬೇಕಾದಾಗ ಪರವಾನಗಿ ಒಪ್ಪಂದವು ಮುಖ್ಯ ಆಧಾರವಾಗುತ್ತದೆ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯು, ಅನಂತರದ ತಿದ್ದುಪಡಿಗಳ ಮೂಲಕ, ಗಣಕ ಕ್ರಮವಿಧಿಗಳನ್ನು ಸಾಹಿತ್ಯ ಕೃತಿಗಳ ವ್ಯಾಖ್ಯೆಯಲ್ಲಿ ಸೇರಿಸಿ ರಕ್ಷಣೆ ನೀಡಿದೆ.